ಅತ್ತೆ, ಆ ನೊಬೆಲ್ ಉಪವಾಸಕ್ಕೆ ಬಂದದ್ದಲ್ಲ

ಹೋದ ವರ್ಷ ಒಂದು ಏಕಾದಶಿಯ ರಾತ್ರಿ ಹನ್ನೊಂದರ ಹೊತ್ತಿಗೆ ಗವೀಪುರದಿಂದ ಭಾವನ ಫೋನ್ ಬಂತು. ಅತ್ತೆ ದೇವರ ಮನೆಯ ಬಾಗಿಲಲ್ಲಿ ಕುಸಿದು ಬಿದ್ದಿದ್ದರು. ತ್ಯಾಗರಾಜನಗರದಿಂದ ಆಟೊ ಹಿಡಿದು ನಾನು ಹೋಗುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿಯಾಗಿತ್ತು. ಮೈಯೆಲ್ಲ ತಣ್ಣಗೆ ಬೆವತು ಕುಪ್ಪಸ ಒದ್ದೆಯಾಗಿತ್ತು, ನಾಲಿಗೆ ತೊದಲುತ್ತಿತ್ತು. ರಕ್ತದ ಸಕ್ಕರೆ 48ಕ್ಕೆ ಇಳಿದಿತ್ತು. ಬೆಳಗ್ಗೆ ಮಧುಮೇಹದ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿದವರು ಆಮೇಲೆ ಇಡೀ ದಿನ ಏನನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

ಎಪ್ಪತ್ತೊಂದು ವರ್ಷದ ನಮ್ಮ ಸೋದರತ್ತೆ ಹಟಮಾರಿಯಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ವೈದ್ಯರ ಮಾತು ಕೇಳಿ ನಿಟ್ಟುಪವಾಸ ಬಿಟ್ಟಿದ್ದರು. ಏಕಾದಶಿಗೆ ಹಣ್ಣು, ಹಾಲು, ಒಂದಿಷ್ಟು ಅವಲಕ್ಕಿ. ದ್ವಾದಶಿಯ ಬೆಳಗ್ಗೆ ಅಗಸೆ ಸೊಪ್ಪಿನ ಪಲ್ಯದ ಜೊತೆ ಪಾರಣೆ. ಹತ್ತು ವರ್ಷ ಹೀಗೆಯೇ ನಡೆದಿತ್ತು. ಅದನ್ನು ಕೆಡಿಸಿದ್ದು ಮೊಬೈಲಿಗೆ ಬಂದ ಒಂದು ಸಂದೇಶ. ಜಪಾನಿನ ವಿಜ್ಞಾನಿಯೊಬ್ಬರು ಉಪವಾಸದ ಮಹತ್ವವನ್ನು ಕಂಡುಹಿಡಿದು ನೊಬೆಲ್ ಪಡೆದಿದ್ದಾರೆ, ನಮ್ಮ ಹಿರಿಯರು ಏಕಾದಶಿಯಲ್ಲಿ ಹೇಳಿದ್ದೂ ಇದನ್ನೇ, ಹಸಿದರೆ ದೇಹವು ತನ್ನ ಕೆಟ್ಟ ಜೀವಕೋಶಗಳನ್ನೆಲ್ಲ ತಾನೇ ತಿಂದು ರೋಗ ಕಳೆದುಕೊಳ್ಳುತ್ತದೆ ಎಂದು ಅದರಲ್ಲಿ ಬರೆದಿತ್ತು.

ಮರುದಿನ ಎಚ್ಚರವಾದ ಮೇಲೆ ಅತ್ತೆ ನನ್ನನ್ನೇ ಕೇಳಿದರು: "ನೀನು ಇದನ್ನೇ ಅಲ್ಲವೇನೇ ಕಾಲೇಜಿನಲ್ಲಿ ಪಾಠ ಮಾಡುವುದು? ನೊಬೆಲ್ ಕೊಟ್ಟವರು ಸುಳ್ಳು ಹೇಳುತ್ತಾರೆಯೇ?"

ನಾನು ಇಪ್ಪತ್ತೆರಡು ವರ್ಷಗಳಿಂದ ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಆ ಸಂದೇಶ ನನ್ನ ಮೊಬೈಲಿಗೂ ನಾಲ್ಕೈದು ಸಲ ಬಂದಿತ್ತು, ಪ್ರತಿ ಸಲವೂ ಅಳಿಸಿ ಹಾಕಿದ್ದೆ. ಅತ್ತೆಯ ಮೊಬೈಲಿಗೂ ಬಂದಿರಬಹುದೆಂದು ಯೋಚಿಸಲೇ ಇಲ್ಲ. ಆ ವಿಜ್ಞಾನಿಯ ನಿಜವಾದ ಕಥೆಯನ್ನು ಆಸ್ಪತ್ರೆಯ ಎರಡು ದಿನಗಳಲ್ಲಿ ಅವರ ಮಂಚದ ಪಕ್ಕ ಕುಳಿತು ಹೇಳಿದೆ. ಇಲ್ಲಿ ಅದನ್ನು ಇನ್ನಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇನೆ. ಆ ಮನುಷ್ಯ ಮಾಡಿದ ಕೆಲಸ ಆ ಸಂದೇಶಕ್ಕಿಂತ ಬಹಳ ದೊಡ್ಡದು, ಅದನ್ನು ಉಪವಾಸದ ಜಾಹೀರಾತು ಮಾಡಿಬಿಟ್ಟಿರುವುದು ನನಗೆ ಸಹಿಸಲಾಗದ ಸಂಗತಿ.

ಅವರ ಹೆಸರು ಯೊಶಿನೊರಿ ಒಸುಮಿ. ಹುಟ್ಟಿದ್ದು 1945ರಲ್ಲಿ, ಜಪಾನಿನ ಫುಕುಒಕದಲ್ಲಿ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಓದಿ, ಡಾಕ್ಟರೇಟ್ ಮುಗಿಸಿ, 1974ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಜೆರಾಲ್ಡ್ ಎಡಲ್ಮನ್ ಅವರ ಪ್ರಯೋಗಾಲಯ. ಎಡಲ್ಮನ್ ಆಗಲೇ ನೊಬೆಲ್ ಪಡೆದಿದ್ದ ಘಟಾನುಘಟಿ. ಒಸುಮಿ ಅಲ್ಲಿ ಹಿಡಿದ ಮೊದಲ ಕೆಲಸ ಕೈಗೂಡಲಿಲ್ಲ. ಆಮೇಲೆ ಯೀಸ್ಟ್ ಹಿಡಿದರು. ಯೀಸ್ಟ್ ಕೋಶಗಳನ್ನು ಒಡೆದು, ಅವುಗಳ ಕೋಶಕೇಂದ್ರವನ್ನು ಬೇರ್ಪಡಿಸಲು ನಳಿಕೆಯಲ್ಲಿ ಹಾಕಿ ಗರಗರ ತಿರುಗಿಸುವುದು ಅವರ ಕೆಲಸದ ಒಂದು ಭಾಗ. ಬೇಕಾದ ಕೋಶಕೇಂದ್ರ ತಳಕ್ಕೆ ಇಳಿಯುತ್ತಿತ್ತು. ನಳಿಕೆಯ ಮೇಲ್ತುದಿಯಲ್ಲಿ, ಮಜ್ಜಿಗೆ ಕಡೆದಾಗ ಬೆಣ್ಣೆ ತೇಲುವಂತೆ, ತೆಳುವಾದ ಬಿಳಿ ಪದರವೊಂದು ನಿಲ್ಲುತ್ತಿತ್ತು. ಚೆಲ್ಲಿಬಿಡಬೇಕಾದದ್ದು ಅದು. ಒಸುಮಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಅದರಲ್ಲಿದ್ದದ್ದು ರಸದಾನಿಗಳು, ಅಂದರೆ ಕೋಶದೊಳಗಿನ ದ್ರವ ತುಂಬಿದ ಚೀಲಗಳು.

ನಮ್ಮ ಪಠ್ಯಪುಸ್ತಕದಲ್ಲಿ ರಸದಾನಿಗೆ ಸಿಗುವ ಜಾಗ ಎರಡು ಸಾಲು. ಆ ಕಾಲದ ವಿಜ್ಞಾನಿಗಳ ಲೆಕ್ಕದಲ್ಲೂ ಅದು ಹೆಚ್ಚೆಂದರೆ ಜೀವಕೋಶದ ತಿಪ್ಪೆಗುಂಡಿ. ಬೇಡವಾದದ್ದು ಬಂದು ಬೀಳುವ ಜಾಗ. ಅದರ ಮೇಲೆ ಕೆಲಸ ಮಾಡಲು ಯಾರಿಗೂ ಅಂಥ ಆಸಕ್ತಿ ಇರಲಿಲ್ಲ. ಒಸುಮಿಗೆ ಅದೇ ಹಿಡಿಸಿತು. ಎಲ್ಲರೂ ಓಡುವ ಕಡೆ ಓಡಿ ಗೆಲ್ಲುವುದು ತನಗೆ ಒಗ್ಗದ ಸ್ವಭಾವ, ಯಾರೂ ಮಾಡದ ಕೆಲಸವೇ ಇಷ್ಟ ಎಂಬ ಅರ್ಥದ ಮಾತನ್ನು ಅವರು ಎಷ್ಟೋ ಸಲ ಆಡಿದ್ದಾರೆ. 1977ರಲ್ಲಿ ಟೋಕಿಯೊಗೆ ಮರಳಿ, ರಸದಾನಿಯ ಪೊರೆಯನ್ನು ಹಿಡಿದು ಹತ್ತು ವರ್ಷ ಕೂತರು. ಆ ಪೊರೆ ಏನನ್ನು ಒಳಗೆ ಬಿಡುತ್ತದೆ, ಏನನ್ನು ಹೊರಗೆ ನೂಕುತ್ತದೆ ಎಂಬ ಲೆಕ್ಕಾಚಾರ. 1988ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಅದೇ ವಿಶ್ವವಿದ್ಯಾಲಯದ ಕೊಮಾಬಾ ಆವರಣದಲ್ಲಿ ಅವರಿಗೆ ಸ್ವಂತದ್ದೊಂದು ಪುಟ್ಟ ಪ್ರಯೋಗಾಲಯ ಸಿಕ್ಕಿತು. ಜೊತೆಗಾರರು ಹೆಚ್ಚು ಇರಲಿಲ್ಲ. ಸೂಕ್ಷ್ಮದರ್ಶಕ ಇತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡುವ್ 1955ರಲ್ಲಿ ಪ್ರಾಣಿಕೋಶದ ಲೈಸೋಸೋಮುಗಳನ್ನು ಗುರುತಿಸಿದ್ದರು. ಕಿಣ್ವಗಳಿಂದ ತುಂಬಿದ ಸಂಚಿಗಳು ಅವು. ನಮ್ಮ ಮಕ್ಕಳು 'ಆತ್ಮಹತ್ಯಾ ಚೀಲ' ಎಂದು ಬಾಯಿಪಾಠ ಮಾಡುತ್ತಾರೆ. ನನಗೆ ಆ ಹೆಸರು ಎಂದೂ ಹಿಡಿಸಿಲ್ಲ, ಅದು ಸಾವನ್ನು ಮಾತ್ರ ಹೇಳುತ್ತದೆ. ಹಸಿದ ಇಲಿಯ ಪಿತ್ತಜನಕಾಂಗದಲ್ಲಿ, ಆಗ ತಾನೇ ಹುಟ್ಟಿದ ಇಲಿಮರಿಯ ಮೂತ್ರಪಿಂಡದಲ್ಲಿ, ಕೋಶವು ತನ್ನದೇ ಒಡಲಿನ ಚೂರುಗಳನ್ನು ಪೊರೆಯಲ್ಲಿ ಸುತ್ತಿ ಈ ಚೀಲಗಳಿಗೆ ಸಾಗಿಸುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳು ತೋರಿಸಿದ್ದವು. 1963ರಲ್ಲಿ ಡಿ ಡುವ್ ಅದಕ್ಕೆ ಆಟೊಫೇಜಿ ಎಂದು ಹೆಸರಿಟ್ಟರು. ತನ್ನನ್ನು ತಾನೇ ತಿನ್ನುವುದು, ಸ್ವಭಕ್ಷಣೆ. ಹೆಸರು ಬಂದ ಮೇಲೂ ಸುಮಾರು ಮೂವತ್ತು ವರ್ಷ ವಿಷಯ ಅಲ್ಲಿಯೇ ನಿಂತಿತ್ತು. ಯಾವ ಜೀನುಗಳು ಇದನ್ನು ನಡೆಸುತ್ತವೆ, ಆ ಪೊರೆ ಹೇಗೆ ಹುಟ್ಟುತ್ತದೆ, ಯಾರಿಗೂ ಗೊತ್ತಿರಲಿಲ್ಲ. ಕಣ್ಣಿಗೆ ಬೀಳುವಷ್ಟರಲ್ಲಿ ಕರಗಿ ಹೋಗುವ ಸಂಗತಿಯನ್ನು ಹಿಡಿಯುವುದಾದರೂ ಹೇಗೆ?

ಒಸುಮಿ ಹೀಗೆ ತರ್ಕಿಸಿದರು. ಯೀಸ್ಟಿಗೆ ಸಾರಜನಕ ಸಿಗದಂತೆ ಮಾಡಿದರೆ ಅದು ಬೀಜಕಗಳನ್ನು ಕಟ್ಟಿಕೊಂಡು ಕಷ್ಟಕಾಲ ದಾಟುತ್ತದೆ. ಹೊರಗಿನಿಂದ ಸಾಮಗ್ರಿ ಬರದೆ ಒಳಗೆ ಹೊಸದನ್ನು ಕಟ್ಟಬೇಕಾದರೆ ಹಳೆಯದನ್ನು ಕೆಡವಲೇಬೇಕು. ಕೆಡವುವ ಜಾಗ ರಸದಾನಿಯೇ ಇರಬೇಕು. ಹಾಗಾದರೆ ರಸದಾನಿಯಲ್ಲಿ ಪ್ರೋಟೀನು ಅರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟನ್ನು ಹಸಿವಿಗೆ ಒಡ್ಡಿದರೆ?

ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ದಿನವೂ ಬೆಳಗ್ಗೆ ಕಸದ ಗಾಡಿ ಬಂದು ಹೋಗುವ ಬೀದಿಯಲ್ಲಿ ಯಾವ ಮನೆಯಿಂದ ಏನು ಹೊರಬೀಳುತ್ತದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಮೂರು ದಿನ ಗಾಡಿ ಬರದಿರಲಿ, ಬೀದಿಯ ಮೂಲೆಯೇ ಎಲ್ಲವನ್ನೂ ಹೇಳುತ್ತದೆ. ಒಸುಮಿ ಮಾಡಿದ್ದು ಅದೇ. ಕಿಣ್ವಗಳಿಲ್ಲದ ಯೀಸ್ಟನ್ನು ಸಾರಜನಕವಿಲ್ಲದ ದ್ರವಕ್ಕೆ ಹಾಕಿ, ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಕೆಲವೇ ಗಂಟೆಗಳಲ್ಲಿ ಖಾಲಿ ಗುಳ್ಳೆಯಂತಿದ್ದ ರಸದಾನಿಯೊಳಗೆ ಸಣ್ಣ ಸಣ್ಣ ಗುಂಡುಗಳು ಕಾಣಿಸಿಕೊಂಡವು. ಒಂದು, ಎರಡು, ಆಮೇಲೆ ತುಂಬ. ಅವು ಅಲ್ಲಿ ಸುಮ್ಮನೆ ಕೂರಲಿಲ್ಲ. ದ್ರವದ ಅಣುಗಳ ತಾಡನಕ್ಕೆ ಸಿಕ್ಕಿ ಒಂದೇ ಸಮನೆ ಕುಣಿಯುತ್ತಿದ್ದವು. ಗಂಟೆಗಟ್ಟಲೆ ಅದನ್ನೇ ನೋಡುತ್ತ ಕುಳಿತರಂತೆ. ಜೀವಕೋಶವು ತನ್ನನ್ನು ತಾನು ತುತ್ತು ಮಾಡಿ ಸಾಗಿಸಿದ ಪೊಟ್ಟಣಗಳು ಅವು, ಅರಗದೆ ಉಳಿದುಬಿಟ್ಟಿದ್ದವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ತೆಗೆದುಕೊಟ್ಟವರು ಮಿಸುಝು ಬಾಬಾ. ಪೊಟ್ಟಣಗಳ ಒಳಗೆ ಕೋಶದ್ರವ್ಯದ ತುಣುಕುಗಳು ಅಚ್ಚುಕಟ್ಟಾಗಿ ಕಾಣುತ್ತಿದ್ದವು. 1992ರಲ್ಲಿ ಅದು ಪ್ರಕಟವಾಯಿತು.

ಈ ಪಾಠ ಬಂದಾಗಲೆಲ್ಲ ನಾನು ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಗೆ ಹೋಗುತ್ತೇನೆ. ಬೇಕರಿಯವರು ಫ್ರಿಜ್ಜಿನಿಂದ ಹಸಿ ಈಸ್ಟಿನ ಗಟ್ಟಿ ತೆಗೆದು, ಗೋಲಿಯಷ್ಟು ಮುರಿದು, ಬೆಣ್ಣೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಇದುವರೆಗೆ ಒಮ್ಮೆಯೂ ಕಾಸು ತೆಗೆದುಕೊಂಡಿಲ್ಲ. ಒಸುಮಿಯವರ ಪ್ರಯೋಗಾಲಯದ ಜೀವಿಯೂ ಬೆಳಗ್ಗೆ ನಾವು ತಿನ್ನುವ ಬನ್ನನ್ನು ಉಬ್ಬಿಸುವ ಜೀವಿಯೂ ಒಂದೇ. ಉಗುರುಬೆಚ್ಚಗಿನ ನೀರಿಗೆ ಸಕ್ಕರೆ ಹಾಕಿ ಅದನ್ನು ಕದಡಿ, ಅರ್ಧ ಗಂಟೆ ಬಿಟ್ಟು, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಇಟ್ಟರೆ ಸಾಕು. ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು ಇನ್ನೂರು ಕೋಶಗಳು ಸಾಲಾಗಿ ನಿಲ್ಲಬಹುದು. ನಾನೂರು ಪಟ್ಟು ಹಿಗ್ಗಿಸಿದಾಗ ಸಾಬಕ್ಕಿಯ ಕಾಳುಗಳಂತೆ ಕಾಣುತ್ತವೆ, ಕೆಲವಕ್ಕೆ ಪಕ್ಕದಲ್ಲಿ ಮರಿಮೊಗ್ಗು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಕೋಶದ ಒಂದು ಬದಿಯಲ್ಲಿ ತಿಳಿಯಾದ ದುಂಡನೆಯ ಕಲೆ ಮೂಡುತ್ತದೆ. ಅದೇ ರಸದಾನಿ.

"ಮ್ಯಾಡಂ, ಏನೂ ಇಲ್ಲ ಅಲ್ಲಿ. ಖಾಲಿ" ಎಂದಿದ್ದಳು ಒಬ್ಬ ಹುಡುಗಿ, ಕಣ್ಣು ತೆಗೆಯದೆ. ಎಷ್ಟೋ ಜನ ನೋಡಿ ಖಾಲಿ ಎಂದು ಮುಂದೆ ಹೋದ ಜಾಗವದು ಎಂದೆ. ಅವಳು ಹಿಂದೆ ಸಾಲಿನಲ್ಲಿದ್ದವರಿಗೆ ಜಾಗ ಬಿಡದೆ ಇನ್ನೂ ಐದು ನಿಮಿಷ ನೋಡಿದಳು. ತನ್ನ ಮೊಬೈಲನ್ನು ಮಸೂರದ ಮೇಲೆ ಇಟ್ಟು ಚಿತ್ರ ತೆಗೆದು ನನಗೂ ಕಳಿಸಿದಳು. ಮುಂದಿನ ತಿಂಗಳ ಪೋಷಕರ ಸಭೆಯಲ್ಲಿ ಅವಳ ತಂದೆ ಬಹಳ ವಿನಯದಿಂದಲೇ ಕೇಳಿದರು: "ಇದೆಲ್ಲ ನೀಟ್ ಪರೀಕ್ಷೆಗೆ ಬರುತ್ತದೆಯೇ, ಮ್ಯಾಡಂ?" ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನನಗೆ ಕೊಮಾಬಾದ ಆ ಪುಟ್ಟ ಕೋಣೆ ನೆನಪಾಗುತ್ತದೆ. ಅಲ್ಲಿಗೂ ಯಾರಾದರೂ ಬಂದು ಇದರಿಂದ ಏನು ಪ್ರಯೋಜನ ಎಂದು ಕೇಳಿದ್ದರೆ 1988ರಲ್ಲಿ ಕೊಡಲು ಯಾವ ಉತ್ತರವೂ ಇರಲಿಲ್ಲ. ಕ್ಯಾನ್ಸರ್ ಎಂದಾಗಲಿ ಮರೆವಿನ ಕಾಯಿಲೆ ಎಂದಾಗಲಿ ಹೇಳುವಂತಿರಲಿಲ್ಲ.

ನೋಡಿದ್ದು ಅರ್ಧ ಕೆಲಸ. ಇನ್ನರ್ಧ ಮಿಕಿ ತ್ಸುಕಾಡ ಎಂಬ ವಿದ್ಯಾರ್ಥಿನಿಯ ಜೊತೆ ನಡೆಯಿತು. ಯೀಸ್ಟಿನ ಜೀನುಗಳನ್ನು ರಾಸಾಯನಿಕದಿಂದ ಅಡ್ಡಾದಿಡ್ಡಿ ಕೆಡಿಸಿ, ಹಸಿವಿಗೆ ಒಡ್ಡಿ, ಯಾವುದರ ರಸದಾನಿಯಲ್ಲಿ ಆ ಕುಣಿಯುವ ಗುಂಡುಗಳು ಬರುವುದಿಲ್ಲ ಎಂದು ಒಂದೊಂದನ್ನೇ ಕಣ್ಣಲ್ಲಿ ನೋಡುವುದು. ಸುಮಾರು ಐದು ಸಾವಿರ ನೋಡಿದ ಮೇಲೆ ಒಂದು ಸಿಕ್ಕಿತು. ಅದರ ಗುಣವನ್ನು ಪರೀಕ್ಷಿಸಿದಾಗ ಇನ್ನೊಂದು ಸುಳಿವು ದೊರೆಯಿತು. ತನ್ನನ್ನು ತಾನು ತಿನ್ನಲಾರದ ಯೀಸ್ಟ್ ಬರಗಾಲದಲ್ಲಿ ಬೇರೆಯವಕ್ಕಿಂತ ಬೇಗ ಸಾಯುತ್ತದೆ. ಹಾಗಾದರೆ ಮೊದಲು ಬೇಗ ಸಾಯುವವನ್ನು ಹೆಕ್ಕಿಕೊಂಡು ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರಾಯಿತು. ಹೀಗೆ ಜರಡಿ ಹಿಡಿದು ಹದಿನೈದು ಜೀನುಗಳ ಗುರುತು ಹಿಡಿದರು. 1993ರಲ್ಲಿ ಬಂದ ಆ ಲೇಖನ ಆರು ಪುಟದ್ದು. ಪ್ರಕಟವಾದದ್ದು ದೊಡ್ಡ ಹೆಸರಿನ ಪತ್ರಿಕೆಯಲ್ಲೂ ಅಲ್ಲ. ಇಂದಿಗೂ ಈ ಕ್ಷೇತ್ರಕ್ಕೆ ಕಾಲಿಡುವವರು ಮೊದಲು ಓದುವ ಬರಹಗಳಲ್ಲಿ ಅದೂ ಒಂದು.

ಆಮೇಲಿನದ್ದನ್ನು ಬೇಗ ಹೇಳುತ್ತೇನೆ. 1996ರಲ್ಲಿ ಒಸುಮಿ ಒಕಝಾಕಿಯ ಮೂಲ ಜೀವವಿಜ್ಞಾನ ಸಂಸ್ಥೆಗೆ ಹೋದರು. ಅಲ್ಲಿ ನೊಬೊರು ಮಿಜುಶಿಮಾ, ತಮೊತ್ಸು ಯೊಶಿಮೊರಿಯಂಥ ಗಟ್ಟಿಗರು ಬಂದು ಸೇರಿದರು. ಜೀನು ಗೊತ್ತಾದರೂ ಅವುಗಳಿಂದ ಹುಟ್ಟುವ ಹೆಚ್ಚಿನ ಪ್ರೋಟೀನುಗಳು ಹಿಂದೆ ಕಂಡ ಯಾವುದನ್ನೂ ಹೋಲುತ್ತಿರಲಿಲ್ಲ. 1998ರಲ್ಲಿ, ಅವುಗಳಲ್ಲಿ ಒಂದು ಪುಟ್ಟ ಪ್ರೋಟೀನು ಇನ್ನೊಂದಕ್ಕೆ ಬೆಸೆದುಕೊಳ್ಳುತ್ತದೆ ಎಂದು ತಿಳಿಯಿತು. 2000ದಲ್ಲಿ ಇನ್ನೂ ವಿಚಿತ್ರವಾದದ್ದು ಕಂಡಿತು: ಮತ್ತೊಂದು ಪ್ರೋಟೀನು ಹೋಗಿ ಕೊಬ್ಬಿನ ಅಣುವಿಗೇ ಅಂಟಿಕೊಂಡು, ಬೆಳೆಯುತ್ತಿರುವ ಪೊರೆಯ ಮೇಲೆ ಕೂರುತ್ತದೆ. ಅದರ ಬಂಧುವನ್ನು ಅದೇ ವರ್ಷ ಸಸ್ತನಿಗಳ ಕೋಶದಲ್ಲೂ ಗುರುತಿಸಿದರು. ಅದಕ್ಕೆ ಹಸಿರು ಹೊಳೆಯುವ ಪ್ರೋಟೀನನ್ನು ಕಟ್ಟಿದರೆ, ಕೋಶ ಎಲ್ಲೆಲ್ಲಿ ತನ್ನ ಪೊಟ್ಟಣ ಕಟ್ಟುತ್ತಿದೆಯೋ ಅಲ್ಲೆಲ್ಲ ಹಸಿರು ಚುಕ್ಕಿ ಮೂಡುತ್ತದೆ. ಒಸುಮಿಯವರ ಪ್ರಭಾವ ಏನೆಂದು ಕೇಳಿದರೆ ನಾನು ಮೊದಲು ತೋರಿಸುವುದು ಈ ಚುಕ್ಕಿಯನ್ನು. ಜಗತ್ತಿನ ಯಾವ ಊರಿನ ಪ್ರಯೋಗಾಲಯದಲ್ಲೇ ಆಗಲಿ, ಆಟೊಫೇಜಿ ನಡೆಯುತ್ತಿದೆಯೇ ಎಂದು ನೋಡಬೇಕಾದವರು ಎಣಿಸುವುದು ಅದನ್ನೇ. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಯೀಸ್ಟ್ ಹಿಡಿದು ಆಟೊಫೇಜಿಯ ಬೆನ್ನು ಹತ್ತಿದವರಿದ್ದಾರೆ. ಹೆಬ್ಬಾಳದ ಮೇಲುಸೇತುವೆ ದಾಟುವಾಗಲೆಲ್ಲ ನನಗೆ ಅದು ನೆನಪಾಗಿ ಒಂದು ಬಗೆಯ ಹೆಮ್ಮೆ ಎನಿಸುತ್ತದೆ.

ಬೇರೆ ಬೇರೆ ಗುಂಪುಗಳು ಅದೇ ಜೀನುಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದವು. 2003ರಲ್ಲಿ ಎಲ್ಲರೂ ಕೂತು ಒಂದೇ ಹೆಸರಿಗೆ ಒಪ್ಪಿದರು, ಎಟಿಜಿ. ಆಟೊಫೇಜಿಗೆ ಸಂಬಂಧಿಸಿದ್ದು ಎಂಬುದರ ಇಂಗ್ಲಿಷ್ ಚುಟುಕು ಅದು. ಈಗ ಆ ಪಟ್ಟಿ ನಲವತ್ತನ್ನು ದಾಟಿದೆ. ಅಡಿಪಾಯದಲ್ಲಿ ಮಾತ್ರ ಕೊಮಾಬಾದ ಆ ಹದಿನೈದು ಇವೆ.

ಅತ್ತೆಗೆ ಹೇಳುವಾಗ ನಾನು ಎರಡು ಕಡೆ ನಿಂತೆ. ಒಂದು, ಇಲಿಮರಿಗಳದ್ದು. ತಾಯಿಯ ಹೊಟ್ಟೆಯಲ್ಲಿರುವವರೆಗೆ ಹೊಕ್ಕುಳಬಳ್ಳಿಯಿಂದ ಆಹಾರ ಬರುತ್ತಿರುತ್ತದೆ. ಹುಟ್ಟಿದ ಕ್ಷಣ ಅದು ಕಡಿದುಹೋಗುತ್ತದೆ, ಹಾಲು ಸರಿಯಾಗಿ ಒಳಗೆ ಇಳಿಯುವವರೆಗೆ ನಡುವೆ ಒಂದು ಬರಗಾಲ. ಆ ಕೆಲವು ಗಂಟೆ ಮರಿಯ ಮೈಯಲ್ಲಿ ಆಟೊಫೇಜಿ ಭರದಿಂದ ಏರುತ್ತದೆ, ತನ್ನದನ್ನೇ ಒಡೆದು ಮರಿ ಬದುಕಿಕೊಳ್ಳುತ್ತದೆ. ಮಿಜುಶಿಮಾ ಅವರ ಗುಂಪು 2004ರಲ್ಲಿ ಇದನ್ನು ತೋರಿಸಿತು. ಆ ಜೀನುಗಳಲ್ಲಿ ಒಂದಿಲ್ಲದ ಮರಿಗಳು ನೋಡಲು ಚೆನ್ನಾಗಿಯೇ ಹುಟ್ಟಿ ಒಂದು ದಿನದೊಳಗೆ ಸತ್ತುಹೋಗುತ್ತವೆ. ಅತ್ತೆ ಮೂವರನ್ನು ಹೆತ್ತವರು. ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನೊಂದು, ಮೆದುಳಿನದ್ದು. 2006ರಲ್ಲಿ ಜಪಾನಿನ ಎರಡು ಗುಂಪುಗಳು, ಮೆದುಳಿನ ನರಕೋಶಗಳಲ್ಲಿ ಮಾತ್ರ ಈ ಜೀನುಗಳು ಇಲ್ಲದಂತೆ ಮಾಡಿದ ಇಲಿಗಳನ್ನು ಗಮನಿಸಿದವು. ಆ ಇಲಿಗಳನ್ನು ಯಾರೂ ಉಪವಾಸ ಕೆಡವಿರಲಿಲ್ಲ, ಹೊಟ್ಟೆ ತುಂಬ ತಿನ್ನುತ್ತಿದ್ದವು. ಆದರೂ ನರಕೋಶಗಳಲ್ಲಿ ಹಾಳಾದ ಪ್ರೋಟೀನು ಗಂಟುಗಟ್ಟಿತು, ನಡಿಗೆ ತಪ್ಪಿತು, ಕೋಶಗಳು ಸತ್ತವು. ಅಂದರೆ ಹಸಿವು ಇರಲಿ ಬಿಡಲಿ, ಈ ಕೆಲಸ ದಿನವೂ ಸದ್ದಿಲ್ಲದೆ ನಡೆಯುತ್ತಲೇ ಇರುತ್ತದೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 70 ಗ್ರಾಂ ಪ್ರೋಟೀನು ತಿಂದರೆ ದೇಹ ಅದೇ ದಿನ ಹೊಸದಾಗಿ ಕಟ್ಟುವುದು 200ರಿಂದ 300 ಗ್ರಾಂ. ಮಿಕ್ಕದ್ದು ಎಲ್ಲಿಂದ ಬರುತ್ತದೆ ಎಂದು ಅತ್ತೆಯನ್ನೇ ಕೇಳಿದೆ.

"ಹಳೆಯ ಸೀರೆ ಕೊಟ್ಟು ಪಾತ್ರೆ ತೆಗೆದುಕೊಳ್ಳುತ್ತಿದ್ದೆವಲ್ಲ, ಹಾಗೆ" ಎಂದರು.

ಇಷ್ಟು ವರ್ಷ ಪಾಠ ಮಾಡಿ ನನಗೆ ಹೊಳೆಯದಿದ್ದ ಹೋಲಿಕೆ. ಬುಟ್ಟಿ ಹೊತ್ತು ಬರುತ್ತಿದ್ದ ಪಾತ್ರೆಯವಳ ಮುಂದೆ ಹಳೆಯ ಸೀರೆಗಳ ಗಂಟು ಬಿಚ್ಚಿ, ಚೌಕಾಶಿ ಮಾಡಿ, ಸ್ಟೀಲಿನ ಡಬ್ಬಿಯೊಂದನ್ನು ಗೆದ್ದುಕೊಳ್ಳುತ್ತಿದ್ದ ಅತ್ತೆಯನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಆ ಡಬ್ಬಿಗಳು ಇಂದಿಗೂ ಅವರ ಅಡುಗೆಮನೆಯಲ್ಲಿವೆ.

2016ರ ಅಕ್ಟೋಬರ್ 3ರಂದು ವೈದ್ಯಕೀಯ ನೊಬೆಲ್ ಪ್ರಕಟವಾಯಿತು. ಒಬ್ಬರಿಗೇ. ಆಟೊಫೇಜಿ ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಹಿಡಿದದ್ದಕ್ಕೆ. ಎಷ್ಟು ಗಂಟೆ ಹಸಿದಿರಬೇಕು, ವಾರಕ್ಕೆ ಎಷ್ಟು ದಿನ, ಯಾವ ರೋಗಕ್ಕೆ, ಇದೊಂದನ್ನೂ ಒಸುಮಿ ಶೋಧಿಸಿದವರಲ್ಲ. ಆಟೊಫೇಜಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಮಾತೂ ನಿಲ್ಲುವುದಿಲ್ಲ, ಬೆಳೆದು ನಿಂತ ಕ್ಯಾನ್ಸರ್ ಗೆಡ್ಡೆಗಳು ಇದೇ ಉಪಾಯದಿಂದ ಹಸಿವು ನೀಗಿಕೊಂಡು ಉಳಿಯುತ್ತವೆ. ಬಹುಮಾನ ಬಂದ ಮೇಲೆ ಒಸುಮಿ ಎಲ್ಲಿ ಹೋದರೂ ಆಡಿದ್ದು ಒಂದೇ ಮಾತು: ತಕ್ಷಣದ ಉಪಯೋಗವನ್ನೇ ಕೇಳುತ್ತ ಹೋದರೆ ಮೂಲವಿಜ್ಞಾನ ಸೊರಗುತ್ತದೆ. ಅಂಥ ಕೆಲಸಕ್ಕೆ ನೆರವಾಗಲೆಂದು ಒಂದು ಪ್ರತಿಷ್ಠಾನವನ್ನೂ ಕಟ್ಟಿದರು. ಅವರ ಹೆಸರಿನಲ್ಲಿ ಮನೆಮನೆಗೆ ಉಪಯೋಗದ ಸಲಹೆಯೊಂದೇ ತಲುಪಿದೆ ಎಂಬುದು ನನ್ನನ್ನು ಇನ್ನಿಲ್ಲದಂತೆ ನೋಯಿಸುತ್ತದೆ.

ಅತ್ತೆಗೆ ವ್ರತ ಬಿಡಿ ಎಂದು ನಾನು ಹೇಳಲಿಲ್ಲ. ಅದು ಅವರ ಮತ್ತು ದೇವರ ನಡುವಿನ ಮಾತು, ಅದಕ್ಕೆ ನೊಬೆಲ್ಲಿನ ಸಾಕ್ಷಿ ಬೇಕಾಗಿಲ್ಲ. ಒಂದು ವಿವರವನ್ನು ಮಾತ್ರ ಒತ್ತಿ ಹೇಳಿದೆ. ಒಸುಮಿಯವರ ಯೀಸ್ಟ್ ಹಸಿದಿದ್ದದ್ದು ಸಾರಜನಕಕ್ಕೆ. ಆ ದ್ರವದಲ್ಲಿ ಸಕ್ಕರೆ ಇತ್ತು, ನೂರಕ್ಕೆ ಎರಡು ಪಾಲು ಗ್ಲೂಕೋಸ್.

"ಅಂದರೆ ಅದನ್ನು ಬರೀ ಹೊಟ್ಟೆಯಲ್ಲಿ ಇಟ್ಟಿರಲಿಲ್ಲವೇ?" ಎಂದರು ಅತ್ತೆ, ಎದ್ದು ಕುಳಿತು. ಕೈಯಲ್ಲಿ ಸಿಕ್ಕಿಸಿದ್ದ ಸೂಜಿಯಿಂದ ಅವರಿಗೂ ಅದೇ ಇಳಿಯುತ್ತಿತ್ತು.

ಎರಡು ವಾರ ಕಳೆದು ಮುಂದಿನ ಏಕಾದಶಿಯ ಬೆಳಗ್ಗೆ ಎಂಟಕ್ಕೆ ಗವೀಪುರಕ್ಕೆ ಹೋದೆ. ಅತ್ತೆ ಪೂಜೆ ಮುಗಿಸಿ ಅಡುಗೆಮನೆಯ ಕಟ್ಟೆಯ ಪಕ್ಕ ಕುಳಿತಿದ್ದರು. ಮುಂದೆ ಮಾತ್ರೆಯ ಡಬ್ಬಿ, ಒಂದು ಲೋಟ ಹಾಲು, ತಟ್ಟೆಯಲ್ಲಿ ಎರಡು ಏಲಕ್ಕಿ ಬಾಳೆಹಣ್ಣು. ಆ ಹುಡುಗಿ ತೆಗೆದ ಯೀಸ್ಟಿನ ಚಿತ್ರ ನನ್ನ ಮೊಬೈಲಿನಲ್ಲಿತ್ತು, ತೋರಿಸಿದೆ. ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ಹಿಗ್ಗಿಸಿ, ತುಂಬ ಹೊತ್ತು ನೋಡಿದರು. ರಸದಾನಿ ಯಾವುದು ಎಂದು ಕೇಳಿ ಅದರ ಮೇಲೆ ಬೆರಳಿಟ್ಟರು.

"ಇದಕ್ಕೆ ಸಕ್ಕರೆ ಹಾಕಿದ್ದೆಯಾ?"

"ಒಂದು ಚಮಚ ಹಾಕಿದ್ದೆ ಅತ್ತೆ."

ಮೊಬೈಲನ್ನು ನನಗೆ ಕೊಟ್ಟು, ಬಾಳೆಹಣ್ಣಿನ ಸಿಪ್ಪೆ ಸುಲಿದರು.